ಖಾಲಿ ಎಂದು ಕೈಬಿಟ್ಟ ಪುಟಗಳು

ಪುಸ್ತಕದ ಬೆನ್ನು ಕತ್ತರಿಸುವ ಯಂತ್ರವನ್ನು ನಮ್ಮ ಗ್ರಂಥಾಲಯದ ನಡುಮಧ್ಯೆ ತಂದಿಟ್ಟ ದಿನ ನನಗೆ ಅನ್ನ ಸೇರಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಗೌರವ ಬಂದೀತು. ಹಾಗೇನೂ ಆಗಲಿಲ್ಲ. ಹೊಟ್ಟೆ ತುಂಬ ರೊಟ್ಟಿ ಉಂಡು, ಕೈ ತೊಳೆದು ಒರೆಸಿಕೊಂಡು ಬಂದು, ಮೊದಲ ಸಂಪುಟವನ್ನು ನಾನೇ ಆ ಅಲಗಿನ ಕೆಳಗೆ ಇಟ್ಟೆ. ಹಿಡಿ ಒತ್ತಿದಾಗ ಹೊಲಿಗೆ, ಅಂಟು, ಬಟ್ಟೆ ಎಲ್ಲ ಒಂದೇ ಏಟಿಗೆ ಬೇರೆಯಾಗಿ ಹಾಳೆಗಳು ಸಡಿಲವಾಗಿ ಮೇಜಿನ ಮೇಲೆ ಕುಳಿತವು. ಕೆಲಸ ಚೊಕ್ಕಟವಾಗಿದೆ ಎಂದು ಮೆಚ್ಚಿದ್ದೂ ನೆನಪಿದೆ.

ನಮ್ಮ ಆಡಳಿತ ಮಂಡಳಿಗೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆ ಪದವಿ ಕಾಲೇಜುಗಳಿವೆ. ಆಗ ನಾನು ಹಾನಗಲ್ ಕಾಲೇಜಿನ ಗ್ರಂಥಪಾಲಕ. ನಾಲ್ಕೂ ಕಾಲೇಜುಗಳಿಗೆ ಸೇರಿ ಒಂದೇ ಡಿಜಿಟಲ್ ಗ್ರಂಥಾಲಯ ಮಾಡಬೇಕು, ಅದರೊಳಗೆ ಹೊರಗಿನಿಂದ ತರಿಸುವ ವಿದ್ವತ್ ಪತ್ರಿಕೆಗಳು, ಪುಸ್ತಕಗಳು ಇರಬೇಕು, ಜೊತೆಗೆ ನಮ್ಮದೇ ಮಂಡಳಿ ಹಿಂದೆ ಹೊರಡಿಸುತ್ತಿದ್ದ ಸಂಶೋಧನಾ ತ್ರೈಮಾಸಿಕದ ಹಳೆಯ ಸಂಪುಟಗಳೂ ಇರಬೇಕು ಎಂದು ತೀರ್ಮಾನವಾಯಿತು. ಕಾಲೇಜಿಗೆ ದರ್ಜೆ ಕೊಡುವ ಮೌಲ್ಯಮಾಪನ ತಂಡ ಬರುವುದಿತ್ತು. ಪ್ರಾಚಾರ್ಯರು ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ನೋಡ್ರಿ, ಕಪಾಟು ತೋರಿಸಿದ್ರ ಈಗ ಯಾರೂ ನೋಡಂಗಿಲ್ಲ. ಪರದೆ ಮ್ಯಾಲೆ ತೋರಿಸ್ಬೇಕು. ಬ್ಯಾಸಿಗಿ ಸೂಟಿ ಮುಗಿಯೂದ್ರಾಗ ಆಗ್ಬೇಕು."

ನಾನು ಆಗಲಿ ಎಂದೆ. ನನಗೆ ನಿಯಮ ಅಂದರೆ ಪ್ರಾಣ, ಮೇಲಿನವರ ಮಾತು ಅಂದರೆ ಅದಕ್ಕಿಂತ ಒಂದು ಗುಂಜಿ ಹೆಚ್ಚು. ನನ್ನ ಹೆಂಡತಿ ಇದನ್ನು ಬಹಳ ಸಲ ಹೇಳಿದ್ದಾಳೆ, ಹೊಗಳಿಕೆಯಾಗಿ ಅಲ್ಲ.

ಆ ತ್ರೈಮಾಸಿಕದ ಅಚ್ಚಾದ ಪ್ರತಿಗಳು ಬೇರೆ ಕಡೆಯೂ ಇದ್ದವು. ಆದರೆ ನಮ್ಮಲ್ಲಿದ್ದಂಥ ಪ್ರತಿಗಳು ಬೇರೆ ಎಲ್ಲೂ ಇರಲಿಲ್ಲ. ಅದಕ್ಕೆ ಕಾರಣ ನಮ್ಮ ಕಾಲೇಜಿನಲ್ಲೇ ಇತಿಹಾಸ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು. ಸವಣೂರಿನವರು. ತ್ರೈಮಾಸಿಕದಲ್ಲಿ ಶಾಸನಗಳ ಬಗ್ಗೆ ಹೆಚ್ಚು ಬರೆದವರೂ ಅವರೇ. ವರ್ಷದ ಸಂಚಿಕೆಗಳನ್ನು ಸೇರಿಸಿ ಹೊಲಿಸುವಾಗ ಪ್ರತಿ ಎರಡು ಅಚ್ಚಿನ ಹಾಳೆಗೆ ಒಂದು ಬಿಳಿ ಹಾಳೆ ಹಾಕಿಸುತ್ತಿದ್ದರು. ಹಾಗಾಗಿ ನಮ್ಮ ಸಂಪುಟಗಳು ಬಸುರಿಯರಂತೆ ದಪ್ಪಗಿದ್ದವು. ಯಾಕೆ ಸರ ಈ ಖರ್ಚು ಎಂದು ಕೇಳಿದರೆ, "ಅಚ್ಚಾದ ಮ್ಯಾಲ ತಪ್ಪು ಕಾಣ್ತಾವ. ಬರಿಯಾಕ ಜಾಗಾ ಬೇಕಲ್ಲ," ಎನ್ನುತ್ತಿದ್ದರು. ಮತ್ತೆ ಆ ಕಲ್ಲಿನ ಹತ್ತಿರ ಹೋಗಿ, ತೊಳೆದು, ಓದಿ, ತಮ್ಮ ಹಿಂದಿನ ಓದನ್ನು ತಾವೇ ತಿದ್ದಿ ಆ ಬಿಳಿ ಹಾಳೆಯಲ್ಲಿ ಬರೆಯುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಶಾಯಿ ಪೆನ್ನಿನಲ್ಲಿ ಹಾಗೆ ಬರೆಯುತ್ತಿದ್ದುದನ್ನು ಕಂಡೆ. ಹೋಗಿ ತಡೆದೆ.

"ಸರ, ಗ್ರಂಥಾಲಯದ ಪುಸ್ತಕರಿ ಇದು. ಪೆನ್ನು ಮುಟ್ಟಸೂದು ನಿಯಮದಾಗ ಇಲ್ರಿ."

ನನಗಿಂತ ಎಷ್ಟೋ ವರ್ಷ ಹಿರಿಯರು. ಸಿಟ್ಟು ಮಾಡಬಹುದಿತ್ತು. ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿಕೊಂಡು, "ಪೆನ್ಸಿಲ್ ನಡೀತದಲ್ಲ?" ಎಂದರು.

"ನಡೀತದ್ರಿ."

ಅವತ್ತಿನಿಂದ ಕೊನೆಯವರೆಗೂ ಪೆನ್ಸಿಲ್ಲೇ. ನಿವೃತ್ತಿಯ ನಂತರವೂ ಸೋಮವಾರ ಸೋಮವಾರ ಬಸ್ಸು ಹತ್ತಿ ಬಂದು ಕಿಟಕಿಯ ಪಕ್ಕ ಕೂರುತ್ತಿದ್ದರು. ಕೊನೆಯ ಎರಡು ಮೂರು ವರ್ಷ ಕೈ ನಡುಗುತ್ತಿತ್ತು. ಪೆನ್ಸಿಲ್ ಹಾಳೆಗೆ ತಾಗಿತೋ ಇಲ್ಲವೋ ಅನ್ನುವಷ್ಟು ತೆಳುವಾಗಿ ಅಕ್ಷರ ಬೀಳುತ್ತಿದ್ದವು. ಆಮೇಲೆ ಒಂದು ಸೋಮವಾರ ಬರಲಿಲ್ಲ. ಕಾಲೇಜಿನಲ್ಲಿ ಎರಡು ನಿಮಿಷ ಎದ್ದು ನಿಂತೆವು.

ಅವರು ತೀರಿಕೊಂಡ ಮರುವರ್ಷ ಈ ಸ್ಕ್ಯಾನಿಂಗ್ ಬಂತು. ಗುತ್ತಿಗೆ ಹಿಡಿದವರು ಯಂತ್ರದ ಜೊತೆ ಒಬ್ಬ ಗೃಹಸ್ಥನನ್ನು ಕಳಿಸಿದ್ದರು. ಸಂಭಾವಿತ ಮನುಷ್ಯ, ಕೆಲಸ ಬಲ್ಲವನು. ಕತ್ತರಿಸಿದ ಹಾಳೆಗಳ ಕಟ್ಟನ್ನು ತಟ್ಟಿ ನೇರ ಮಾಡಿ ಸ್ಕ್ಯಾನರಿನ ತಟ್ಟೆಯಲ್ಲಿ ಇಟ್ಟರೆ, ಯಂತ್ರ ಒಂದೊಂದೇ ಎಳೆದುಕೊಂಡು ಎರಡೂ ಬದಿಯ ಚಿತ್ರ ತೆಗೆಯುತ್ತಿತ್ತು. ಚಿತ್ರ ಕಡತವಾಗಿ ಕೂಡುತ್ತಿತ್ತು. ಆಮೇಲೆ ತಂತ್ರಾಂಶ ಅಚ್ಚಿನ ಅಕ್ಷರ ಗುರುತಿಸಿ ಹುಡುಕಲು ಬರುವಂತೆ ಮಾಡುತ್ತಿತ್ತು. ಲೇಖನದ ಹೆಸರು, ಲೇಖಕ, ಪುಟ, ವಿಷಯ ಇವೆಲ್ಲ ತುಂಬುವುದು ನನ್ನ ಪಾಲು.

ಮೂರನೆಯ ದಿನ ಆತ ನನ್ನ ಮೇಜಿಗೆ ಬಂದ.

"ಸರ, ಈ ಸಂಪುಟದಾಗ ನಡುನಡುವ ಬಿಳಿ ಹಾಳಿ ಭಾಳ ಅದಾವ್ರಿ. ಎಲ್ಲಾ ತಗೊಂಡ್ರ ಫೈಲ್ ಸುಮ್ನ ದೊಡ್ಡದಾಗ್ತದ. ಓದಾವ್ರಿಗೂ ಬ್ಯಾಸರ. ಖಾಲಿ ಪುಟ ಕೈಬಿಡು ಅನ್ನೂ ಸೆಟ್ಟಿಂಗ್ ಐತ್ರಿ. ಹಚ್ಚಲ್ಯಾ?"

ನಾನು ಎದ್ದು ಹೋಗಿ ನೋಡಿದೆ. ಮೊದಲ ಹತ್ತು ಹನ್ನೆರಡು ಬಿಳಿ ಹಾಳೆಗಳು ಖರೇನೇ ಬಿಳಿಯಾಗಿದ್ದವು. ಮೇಷ್ಟ್ರು ಬೇಕಾದಲ್ಲಿ ಮಾತ್ರ ಬರೆಯುತ್ತಿದ್ದರು.

"ಬರದದ್ದಿದ್ರ ಬಿಟ್ಟೀತೇನ್ರಿ?"

"ಬರದದ್ದಿದ್ರ ಅದಕ್ಕ ಕಾಣ್ತದ್ರಿ. ಖಾಲಿ ಇದ್ದದ್ದಷ್ಟ ಬಿಡ್ತದ."

"ಹಚ್ರಿ," ಎಂದೆ. ಆತ ಪರದೆಯ ಎಡಮೂಲೆಯ ಸಣ್ಣ ಚೌಕದಲ್ಲಿ ಗುರುತು ಹಾಕಿದ. ನಾನು ಚಹಾಕ್ಕೆ ಹೋದೆ.

ತಪಾಸಣೆ ಮಾಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡಿದೆ, ಕ್ರಮವಾಗಿಯೇ ಮಾಡಿದೆ. ಹತ್ತು ಕಡತಕ್ಕೆ ಒಂದನ್ನು ತೆರೆದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಚ್ಚಾದ ಪುಟಸಂಖ್ಯೆ ನೋಡಿದೆ. ಒಂದೂ ತಪ್ಪಿರಲಿಲ್ಲ. ತಪ್ಪುವುದಾದರೂ ಹೇಗೆ? ಬಿಳಿ ಹಾಳೆಗಳಿಗೆ ಪುಟಸಂಖ್ಯೆಯೇ ಇರಲಿಲ್ಲ. ಅವು ಹೋದರೂ ಎಣಿಕೆಯಲ್ಲಿ ತೂತು ಬೀಳುವಂತಿರಲಿಲ್ಲ. ಒಂದು ಕಡತದಲ್ಲಿ ಮೇಷ್ಟ್ರ ಕೈಬರಹದ ಹಾಳೆ ಅಚ್ಚುಕಟ್ಟಾಗಿ ಬಂದಿದ್ದನ್ನೂ ಕಂಡೆ. ನೋಡು, ಯಂತ್ರಕ್ಕೆ ಕಣ್ಣಿದೆ ಎಂದು ಸಮಾಧಾನಪಟ್ಟೆ. ಅದು ಹಳೆಯ ಶಾಯಿಯ ಬರಹ ಎನ್ನುವುದು ಅವತ್ತು ತಲೆಗೆ ಹೊಳೆಯಲಿಲ್ಲ.

ಬೆನ್ನು ಕತ್ತರಿಸಿದ ಹಾಳೆಗಳನ್ನು ಮತ್ತೆ ಹೊಲಿಸಲು ಯಾರಿಗೂ ಮನಸ್ಸಿರಲಿಲ್ಲ. ಆ ಕಪಾಟಿನ ಜಾಗಕ್ಕೆ ಕಂಪ್ಯೂಟರುಗಳು ಬರುವುದಿತ್ತು. ನಾನು ರದ್ದತಿ ಪಟ್ಟಿ ಬರೆದೆ. ಪ್ರತಿಯೊಂದರ ಎದುರಿಗೆ 'ಡಿಜಿಟಲ್ ಪ್ರತಿ ಇದೆ, ಪರಿಶೀಲಿಸಲಾಗಿದೆ' ಎಂದು ದುಂಡಗೆ ಬರೆದು ಸಹಿ ಮಾಡಿದೆ. ನನ್ನದರ ಕೆಳಗೆ ಪ್ರಾಚಾರ್ಯರ ಸಹಿ. ಶಿಗ್ಗಾಂವಿಯಿಂದ ಹಳೆಯ ಕಾಗದ ಕೊಳ್ಳುವ ರದ್ದಿಯವರ ಗಾಡಿ ಬಂತು, ತುಂಬಿಕೊಂಡು ಹೋಯಿತು. ಜೂನಿನಲ್ಲಿ ಉದ್ಘಾಟನೆಯಾಯಿತು. ನನಗೆ ಒಂದು ಶಾಲು ಹೊದಿಸಿದರು.

ಒಂದು ವರ್ಷಕ್ಕೂ ಹೆಚ್ಚು ಸುಖವಾಗಿ ಕಳೆಯಿತು. ನಂತರದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಫೋನ್ ಬಂತು.

"ಸರ, ನಾನು ಹಿರೇಬೆಂಡಿಗೇರಿಯಾಕಿರಿ. ನಿಮ್ಮಲ್ಲಿ ತಿಂಗಳಗಟ್ಲೆ ಕುಂತು ಟಿಪ್ಪಣಿ ತಗೊಂಡಿದ್ನಲ್ರಿ."

ನೆನಪಿತ್ತು. ಸಂಶೋಧನೆ ಮಾಡುತ್ತಿದ್ದ ಹೆಣ್ಣುಮಗಳು. ಮೇಷ್ಟ್ರು ಇನ್ನೂ ಬದುಕಿದ್ದಾಗ ಬರುತ್ತಿದ್ದವಳು, ಅವರ ಎದುರು ಬೆಂಚಿನಲ್ಲಿ ಕೂರುತ್ತಿದ್ದಳು. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಹತ್ತು ಗಂಟೆಗೆ ಸರಿಯಾಗಿ ಬಾಗಿಲಲ್ಲಿ ಇರುತ್ತಿದ್ದಳು. ಆಕರ ಗ್ರಂಥಗಳ ಕೋಣೆಯೊಳಗೆ ಮೊಬೈಲ್ ತರಬಾರದು, ಪೆನ್ನು ತರಬಾರದು ಎಂದು ನಾನು ಫಲಕ ಹಾಕಿಸಿದ್ದೆ. ಅವಳ ಮೊಬೈಲ್ ನನ್ನ ಮೇಜಿನ ಖಾನೆಯಲ್ಲಿ ಇರುತ್ತಿತ್ತು. ಪೆನ್ಸಿಲ್ ಮರೆತು ಬಂದ ದಿನ ನಾನೇ ಒಂದು ಕೊಡುತ್ತಿದ್ದೆ.

"ಒಂದು ಸಂಪುಟ ಡಿಜಿಟಲ್‌ನ್ಯಾಗ ಹಾಕೀರಲ್ರಿ ಸರ, ಅದರಾಗ ಒಂದು ಹಾಳಿ ಕಾಣವಲ್ದು. ಮೇಷ್ಟ್ರು ಬರದ ಬಿಳಿ ಹಾಳಿ. ಮೂಲ ಪ್ರತಿ ನೋಡಾಕ ನಾಳೆ ಬರ್ಲ್ಯಾ?"

ಬರ್ರಿ ಎಂದೆ. ಮೂಲ ಪ್ರತಿ ಇಲ್ಲ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ.

ಮರುದಿನ ಬಂದು ಅವಳು ಎದುರು ಕುಳಿತು ಹೇಳಿದ ಮೇಲೆ ನನಗೆ ವಿಷಯದ ಭಾರ ತಿಳಿಯಿತು. ಅವಳ ಪ್ರಬಂಧ ಈ ಭಾಗದ ಕೆರೆಗಳಿಗೆ ದಾನ ಕೊಟ್ಟ ಹೆಂಗಸರನ್ನು ಕುರಿತದ್ದು. ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನ ದಾರಿಯ ಒಂದು ಹೊಲದಲ್ಲಿ ಒಂದು ಶಾಸನದ ಕಲ್ಲಿತ್ತು. ಮೇಷ್ಟ್ರು ಅದರ ಹನ್ನೊಂದು ಸಾಲು ಓದಿ ತ್ರೈಮಾಸಿಕದಲ್ಲಿ ಅಚ್ಚು ಹಾಕಿಸಿದ್ದರು. ಅದರ ಪ್ರಕಾರ ಕೆರೆಗೆ ಭೂಮಿ ಕೊಟ್ಟವನು ಊರ ಗೌಡ. ಎಷ್ಟೋ ವರ್ಷಗಳ ಮೇಲೆ ಕಲ್ಲಿನ ಬುಡದ ಮಣ್ಣು ತೆಗೆಸಿದಾಗ ಇನ್ನೂ ನಾಲ್ಕು ಸಾಲು ಸಿಕ್ಕವು. ಭೂಮಿ ಕೊಟ್ಟವಳು ಕೇತಿಯಕ್ಕ ಎಂಬ ಹೆಂಗಸು, ಅದು ಅವಳ ಸ್ವಂತದ್ದು, ಗೌಡ ಬರೀ ಸಾಕ್ಷಿ ಎಂದು ಆ ನಾಲ್ಕು ಸಾಲು ಹೇಳುತ್ತಿದ್ದವು. ಮೇಷ್ಟ್ರು ಅದನ್ನು ಎಲ್ಲೂ ಪ್ರಕಟಿಸಲಿಲ್ಲ. ನಡುಗುವ ಕೈಯಿಂದ ಬಿಳಿ ಹಾಳೆಯಲ್ಲಿ ಬರೆದಿಟ್ಟು, ಎದುರು ಕೂತ ಈ ಹುಡುಗಿಗೆ ತೋರಿಸಿದ್ದರು. ಅವಳು ನಕಲು ಮಾಡಿಕೊಂಡಿದ್ದಳು. ಅವಳ ಮೂರನೆಯ ಅಧ್ಯಾಯ ಪೂರ್ತಿ ಆ ಹೆಂಗಸಿನ ಮೇಲೆ ನಿಂತಿತ್ತು.

ಪ್ರಬಂಧ ನೋಡಿದ ಹೊರಗಿನ ಪರೀಕ್ಷಕರು ನಮ್ಮ ಡಿಜಿಟಲ್ ಗ್ರಂಥಾಲಯ ತೆರೆದು ಸಂಪುಟ ತಿರುವಿದ್ದಾರೆ. ಅದೇ ಸಂಪುಟದಲ್ಲಿ ಬೇರೆ ಕಡೆ ಕೈಬರಹದ ಹಾಳೆಗಳಿವೆ, ಇವಳು ಹೇಳಿದ ಜಾಗದಲ್ಲಿ ಮಾತ್ರ ಇಲ್ಲ. ಅವರ ವರದಿಯನ್ನು ಅವಳು ನನ್ನ ಮುಂದಿಟ್ಟಳು. ಆಕರ ತೋರಿಸದಿದ್ದರೆ ಅದನ್ನು ಕಲ್ಪಿತ ಎಂದು ಪರಿಗಣಿಸಬೇಕಾಗುತ್ತದೆ ಎಂದಿತ್ತು. ಇಲ್ಲದ ಶಾಸನ ಹುಟ್ಟಿಸಿದಳು ಎಂದು ಒಮ್ಮೆ ಹೆಸರು ಬಂದರೆ ಪದವಿಯಷ್ಟೇ ಅಲ್ಲ, ಆ ಮೇಲೆ ಎಲ್ಲಿಯೂ ಪಾಠ ಹೇಳುವ ಕೆಲಸ ಸಿಗುವುದಿಲ್ಲ.

"ಮನ್ಯಾಗ ಇನ್ನೂ ಹೇಳಿಲ್ರಿ ಸರ. ಅಪ್ಪಗ ಏನಂತ ತಿಳಿಸಿ ಹೇಳ್ಲಿ? ನಾ ಸುಳ್ಳು ಬರದೇನಿ ಅಂತಾರ ಅಂದ್ರ ಬಸ್ ಹತ್ತಿ ಆ ಪರೀಕ್ಷಕರ ಹತ್ರಾನ ಹೊಂಡ್ತಾನ." ಅವಳು ನಗಲು ನೋಡಿದಳು. "ಆ ಪುಸ್ತಕ ಒಂದ್ ಸಲ ತೆಗೀರಿ."

"ಪುಸ್ತಕ ಇಲ್ಲ ತಂಗಿ," ಎಂದೆ.

ಅವಳು ಕಪಾಟಿದ್ದ ಕಡೆ ತಿರುಗಿ ನೋಡಿದಳು. ಅಲ್ಲಿ ಕಂಪ್ಯೂಟರುಗಳಿದ್ದವು.

ನಾನು ಸ್ಕ್ಯಾನಿಂಗಿನ ದಾಖಲೆ ಕಡತ ತೆರೆದೆ. ಗುತ್ತಿಗೆಯವರು ಹೋಗುವಾಗ ಅದನ್ನೂ ಕೊಟ್ಟಿದ್ದರು, ನಾನು ಒಮ್ಮೆಯೂ ನೋಡಿರಲಿಲ್ಲ. ಆ ಸಂಪುಟದ ಎದುರು ಬರೆದಿತ್ತು: ಒಳಗೆ ಹೋದ ಬದಿಗಳು ಆರುನೂರ ನಲವತ್ತೆಂಟು, ಉಳಿಸಿದವು ನಾನೂರ ನಲವತ್ತು, ಖಾಲಿ ಎಂದು ಕೈಬಿಟ್ಟವು ಇನ್ನೂರ ಎಂಟು. ಉಳಿಸಿದವುಗಳಲ್ಲಿ ಅಚ್ಚಿನವು ನಾನೂರ ಮೂವತ್ತೆರಡು; ಮಿಕ್ಕ ಎಂಟು ಕೈಬರಹದ ಬದಿಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಎಂಟೂ ಶಾಯಿಯವು. ನಾನು ಪೆನ್ನು ಬಿಡಿಸುವ ಮೊದಲು ಬರೆದವು.

ಆದರೂ ಖಾತ್ರಿ ಮಾಡಿಕೊಳ್ಳಬೇಕಿತ್ತು. ಅವಳ ನೋಟ್‌ಬುಕ್ಕಿನಿಂದ ಆ ನಾಲ್ಕು ಸಾಲು ನಕಲು ಮಾಡಿದ ಹಾಳೆ ಬಿಡಿಸಿ ಕೊಡು ಎಂದೆ. ಅದೂ ಪೆನ್ಸಿಲ್ಲಿನದೇ, ನನ್ನ ಫಲಕದ ಕೃಪೆ. ಕಾಲೇಜು ಆಮೇಲೆ ಅದೇ ಜಾತಿಯ ಒಂದು ಸಣ್ಣ ಸ್ಕ್ಯಾನರ್ ಕೊಂಡಿತ್ತು. ಗುತ್ತಿಗೆಯವರ ಅದೇ ಸೆಟ್ಟಿಂಗ್ ಹಾಕಿ, ಎಡಮೂಲೆಯ ಚೌಕದಲ್ಲಿ ಗುರುತು ಹಾಕಿ, ಹಾಳೆ ಇಟ್ಟು ಗುಂಡಿ ಒತ್ತಿದೆ. ಯಂತ್ರ ಎಳೆದುಕೊಂಡಿತು, ಆ ಕಡೆಯಿಂದ ಉಗುಳಿತು. ಪರದೆಯಲ್ಲಿ ಬಂದದ್ದು ಒಂದೇ ಸಾಲು: ಖಾಲಿ ಪುಟ ಎರಡು, ಕೈಬಿಡಲಾಗಿದೆ.

"ಮತ್ತೊಮ್ಮೆ ಹಾಕ್ರಿ," ಎಂದಳು.

ಮತ್ತೊಮ್ಮೆ ಹಾಕಿದೆ. ಖಾಲಿ ಪುಟ ಎರಡು. ಮೇಜಿನ ಮೇಲೆ ಹಾಳೆ ನಮ್ಮಿಬ್ಬರ ಕಣ್ಣೆದುರಿಗೇ ಇತ್ತು, ಕೇತಿಯಕ್ಕನ ಹೆಸರು ಎರಡು ಸಲ ಇತ್ತು.

ಮುಂದಿನ ಒಂದು ವಾರ ನಾವಿಬ್ಬರೂ ಅಲೆದೆವು. ಮೊದಲು ಶಿಗ್ಗಾಂವಿಯ ರದ್ದಿ ಅಂಗಡಿ. ಅಂಗಡಿಯವರು ನಮ್ಮನ್ನು ಕೂರಿಸಿ ನೀರು ಕೊಟ್ಟು, "ಕಾಗದ ನಮ್ಮಲ್ಲಿ ಎಂಟು ದಿನದ ಮ್ಯಾಲ ಇರೂದಿಲ್ರಿ ಸರ. ಅದು ಅವತ್ತ ಮಿಲ್ಲಿಗೆ ಹೋತು. ರಟ್ಟು ಅವರು ತಗೊಳ್ಳಂಗಿಲ್ಲ, ಅವಷ್ಟ ಅದಾವ," ಎಂದರು. ಗೋದಾಮಿನ ಒಡೆದ ಕಿಟಕಿಗೆ ಅಡ್ಡಲಾಗಿ ನಮ್ಮ ಸಂಪುಟಗಳ ರಟ್ಟುಗಳನ್ನು ಜೋಡಿಸಿ ಕಟ್ಟಿದ್ದರು. ಮಳೆನೀರು ಕುಡಿದು ಉಬ್ಬಿದ್ದವು. ಒಂದೊಂದೇ ತಿರುವಿ ನೋಡಿ ಆ ಸಂಪುಟದ ಎರಡೂ ರಟ್ಟು ಹುಡುಕಿದೆ. ಮೂಲೆಯ ಚೀಟಿಯಲ್ಲಿ ದಾಖಲೆ ಸಂಖ್ಯೆ ನನ್ನ ಕೈಬರಹದಲ್ಲೇ ಇತ್ತು. ದುಡ್ಡು ಕೊಡಲು ಹೋದರೆ ಆ ಮನುಷ್ಯ ತೆಗೆದುಕೊಳ್ಳಲಿಲ್ಲ.

ಆಮೇಲೆ ಅಬಲೂರಿನ ದಾರಿ. ಹೊಲದವರು ನಮ್ಮನ್ನು ಬದುವಿನ ಮೇಲೆ ನಡೆಸಿಕೊಂಡು ಹೋಗಿ ಹಳ್ಳದ ಸಣ್ಣ ಸೇತುವೆ ತೋರಿಸಿದರು. ಹೊಲ ಸಪಾಟು ಮಾಡಿಸಿದಾಗ ಕಲ್ಲು ಒಡೆದಿತ್ತು, ಸೇತುವೆ ಕಟ್ಟುವವರು ತುಂಡುಗಳನ್ನು ಒಯ್ದಿದ್ದರು. ಸಿಮೆಂಟಿನಲ್ಲಿ ತಲೆಕೆಳಗಾಗಿ ಸಿಕ್ಕಿದ್ದ ಒಂದು ತುಂಡಿನ ಮೇಲೆ ಐದಾರು ಅಕ್ಷರ ಕಾಣುತ್ತಿದ್ದವು. ಅವಳು ನೀರಿಗಿಳಿದು, ಬಗ್ಗಿ, ಸೆರಗಿನಿಂದ ಒರೆಸಿ ಓದಿದಳು. ಅಚ್ಚಾದ ಹನ್ನೊಂದು ಸಾಲಿನೊಳಗಿನ ಅಕ್ಷರಗಳೇ ಅವು.

"ಆ ಸರ ವರ್ಷಕ್ಕೊಮ್ಮೆ ಬಂದು ನೋಡಿ ಹೋಗ್ತಿದ್ರು," ಎಂದರು ಹೊಲದವರು. "ಅವರು ಬರೂದು ನಿಂತ ಮ್ಯಾಲ ಯಾರೂ ಬರ್ಲಿಲ್ಲ. ನಮಗೂ ಬೇಕಿಲ್ಲೇನೋ ಅನ್ನಿಸ್ತು."

ಕೊನೆಗೆ ಉಳಿದದ್ದು ಸವಣೂರಿನ ಮೇಷ್ಟ್ರ ಮನೆ. ಅವರ ಹೆಂಡತಿ ಬಾಗಿಲು ತೆರೆದರು. ಮನೆಯಲ್ಲಿ ಮೇಷ್ಟ್ರ ಟಿಪ್ಪಣಿ, ಚೀಟಿ, ಏನಾದರೂ ಇದೆಯೇ ಎಂದು ಕೇಳಿದೆ.

"ಮನ್ಯಾಗ ಏನೂ ಇಟ್ಟಿಲ್ರಿ," ಎಂದರು. "ಇಲ್ಲಿ ಗೆದ್ದಲ ಕಾಟ. ಎಲ್ಲಾ ಗ್ರಂಥಾಲಯದ ಪುಸ್ತಕದಾಗ ಏರಿಸಿ ಚೀಟಿ ಒಲಿಗೆ ಹಾಕ್ತಿದ್ರು. ಅಲ್ಲಿ ಕಾಯಾವ್ರು ಇರ್ತಾರ ಅಂತಿದ್ರು. ನಿಮ್ಮ ಹೆಸರು ಹಿಡದ ಹೇಳ್ತಿದ್ರು. ಪುಸ್ತಕ ಎಲ್ಲಾ ಆರಾಮ ಅದಾವಲ್ರಿ?"

"ಆರಾಮ ಅದಾವ್ರಿ ಅಕ್ಕಾರ," ಎಂದೆ.

ನನ್ನ ಪಕ್ಕ ಕುಳಿತಿದ್ದ ಹುಡುಗಿ ಚಹಾದ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಆ ಹೊತ್ತಿನ ನಾಚಿಕೆ ನನಗೆ ಇವತ್ತಿಗೂ ಮಾಸಿಲ್ಲ.

ಪ್ರಾಚಾರ್ಯರಿಗೆ ಎಲ್ಲವನ್ನೂ ಹೇಳಿದೆ. ವಿಶ್ವವಿದ್ಯಾಲಯದಿಂದ ಕಾಲೇಜಿಗೂ ಪತ್ರ ಬಂದಿತ್ತು: ಇಂಥ ಹಾಳೆ ನಿಮ್ಮ ಸಂಪುಟದಲ್ಲಿ ಇತ್ತೇ, ತಿಳಿಸಿ. ಮುಂದಕ್ಕೆ ಹೋಗುತ್ತಲೇ ಇದ್ದ ಮೌಲ್ಯಮಾಪನ ತಂಡ ಬರಲು ಈಗ ಆರು ವಾರ ಇತ್ತು.

"ಅಂಥ ಹಾಳಿ ನಮ್ಮ ದಾಖಲೆಯೊಳಗ ಇಲ್ಲ ಅಂತ ಒಂದ ಸಾಲು ಬರೀರಿ," ಎಂದರು. "ಅದು ಸುಳ್ಳೂ ಅಲ್ಲ."

"ಹಂಗ ಬರದ್ರ ಆ ಹುಡಿಗಿ ಕಳ್ಳಿ ಆಗ್ತಾಳ್ರಿ ಸರ."

"ನೀವು ಅನ್ನೂದು ಬರದ್ರ ಕಾಲೇಜು ಕಳ್ಳ ಆಗ್ತದ. ನಿಮ್ಮ ಸಹಿ ಕೆಳಗ ನನ್ನ ಸಹೀನೂ ಐತಿ, ಮರೀಬ್ಯಾಡ್ರಿ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ನನ್ನ ಮಾತು ನಂಬಿ ಸಹಿ ಹಾಕಿದವರು. ಎರಡು ದಿನ ಆ ಒಂದು ಸಾಲು ಬರೆದು ಮುಗಿಸಿಬಿಡಲೇ ಎಂದು ನಾನೂ ಯೋಚಿಸಿದೆ. ನಿವೃತ್ತಿಗೆ ಹೆಚ್ಚು ವರ್ಷ ಉಳಿದಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಕೂತು ಬೇರೆಯೇ ಪತ್ರ ಬರೆದೆ. ಹಾಳೆಗಳು ಇದ್ದವು, ದಾಖಲೆ ಕಡತದ ಎಣಿಕೆ ಇಗೋ, ರಟ್ಟಿನ ಮೇಲಿನ ದಾಖಲೆ ಸಂಖ್ಯೆ ಇಗೋ, ಈ ಖಾಲಿ ಪುಟದ ಗುರುತು ಹಾಕಿಸಿದವನು ನಾನು, ಮೂಲ ಪ್ರತಿ ರದ್ದಿಗೆ ಕಳಿಸಿದವನು ನಾನು. ಇಷ್ಟು ಬರೆದ ಮೇಲೆ ನಿಂತೆ. ಹಾಳೆಗಳು ಇದ್ದವು ಎನ್ನುವುದು ಸಾಬೀತಾಗುತ್ತಿತ್ತು, ಅವುಗಳಲ್ಲಿ ಏನಿತ್ತು ಎನ್ನುವುದು ಆಗುತ್ತಿರಲಿಲ್ಲ. ಅದಕ್ಕೆ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಕೇತಿಯಕ್ಕನ ಹೆಸರಿದ್ದ ಆ ನಾಲ್ಕು ಸಾಲುಗಳನ್ನು ನಾನೇ ಕಣ್ಣಾರೆ ಓದಿದ್ದೇನೆ.

ಮಧ್ಯಾಹ್ನ ಅವಳು ಬಂದಳು. ಪತ್ರ ಓದಲು ಕೊಟ್ಟೆ. ನಿಧಾನವಾಗಿ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇದನ್ನ ಖರೇನ ಓದಿದ್ರ್ಯಾ ಸರ?"

ಅವರು ಬರೆಯುವುದನ್ನು ಎಷ್ಟೋ ಸಲ ನೋಡಿದ್ದೆ. ಪೆನ್ಸಿಲ್ಲೋ ಪೆನ್ನೋ ಎಂದು ನೋಡಿದ್ದೆ. ಏನು ಬರೆದರು ಎಂದು ಒಮ್ಮೆಯೂ ಓದಿರಲಿಲ್ಲ.

"ಇಲ್ಲ," ಎಂದೆ. "ಆದ್ರ ಇದಿದ್ರ ನೀ ಪಾರಾಗ್ತಿ ತಂಗಿ."

"ಗೊತ್ತೈತ್ರಿ." ಅವಳ ಕಣ್ಣು ತುಂಬಿತ್ತು, ಆದರೆ ದನಿ ಅಲುಗಲಿಲ್ಲ. "ಹುಟ್ಟಿಸಿ ಬರದೇನಿ ಅಂದಾರ ಅಂತನ ನಾ ಇಷ್ಟ ತಿರಗಾಕತ್ತೇನಿ. ಈಗ ನೀವು ಹುಟ್ಟಿಸಿ ಬರದ್ರ ಅವರು ಅಂದದ್ದ ಖರೇ ಆಗ್ತದಲ್ರಿ. ಇದೊಂದು ಸಾಲು ತಗೀರಿ. ಉಳದದ್ದು ಕಳಸ್ರಿ."

ನಾನು ತೆಗೆದೆ. ಅದರ ಜಾಗದಲ್ಲಿ, ಹಾಳೆಗಳ ಮೇಲೆ ಪೆನ್ಸಿಲ್ ಬರಹವಿದ್ದುದನ್ನು ಕಂಡಿದ್ದೇನೆ, ಓದಿಲ್ಲ ಎಂದು ಬರೆದೆ. ಪ್ರಾಚಾರ್ಯರಿಗೆ ತೋರಿಸದೆ, ನನ್ನ ಹೆಸರಿನಲ್ಲೇ ಅಂಚೆಯಲ್ಲಿ ಕಳಿಸಿದೆ. ಇಡೀ ನೌಕರಿಯಲ್ಲಿ ನಾನು ಮುರಿದ ನಿಯಮ ಅದೊಂದೇ.

ಮೌಖಿಕ ಪರೀಕ್ಷೆಯ ದಿನ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಪರೀಕ್ಷಕರು ನನ್ನ ಪತ್ರದ ಸಾರ ಓದಿದರು. ಹಾಳೆಗಳು ಇದ್ದವೆಂದು ಒಪ್ಪುತ್ತೇವೆ, 'ಕಲ್ಪಿತ' ಎಂಬ ಮಾತನ್ನು ಹಿಂದೆಗೆದುಕೊಳ್ಳುತ್ತೇವೆ, ಆದರೆ ಹಾಳೆಯಲ್ಲಿ ಏನಿತ್ತೆಂಬುದಕ್ಕೆ ಅಭ್ಯರ್ಥಿಯ ಟಿಪ್ಪಣಿ ಬಿಟ್ಟರೆ ಆಧಾರವಿಲ್ಲ ಎಂದರು. ಕಠೋರವಾಗಿ ಹೇಳಲಿಲ್ಲ. ನಾನೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಮೂರನೆಯ ಅಧ್ಯಾಯವನ್ನು ಅಚ್ಚಾದ ಹನ್ನೊಂದು ಸಾಲಿಗೆ ತಕ್ಕಂತೆ ತಿದ್ದಿ ಮತ್ತೆ ಸಲ್ಲಿಸಬೇಕು ಎಂದು ತೀರ್ಪಾಯಿತು.

ಪದವಿ ಬಂತು. ತಿದ್ದಿದ ಪ್ರಬಂಧದಲ್ಲಿ ಕೆರೆಗೆ ಭೂಮಿ ಕೊಟ್ಟವನು ಮತ್ತೆ ಗೌಡನೇ.

"ಕಳ್ಳಿ ಅನ್ನಿಸ್ಕೊಳ್ಳಲಿಲ್ಲ, ಅಷ್ಟ ಸಾಕ್ರಿ ಸರ," ಎಂದಳು, ಆ ನೋಟ್‌ಬುಕ್ಕಿನ ಹಾಳೆಯನ್ನು ನನಗೆ ಕೊಡಲು ಬಂದಾಗ. "ಆದ್ರ ಆಕಿನ್ನ ನಾನ ನನ್ನ ಕೈಲೆ ಅಳಸ್ಬೇಕಾತು."

ನನಗೆ ಕಾರಣ ಕೇಳಿ ನೋಟಿಸು ಬಂತು. ಕಾರಣ ಕೊಟ್ಟೆ. ಸವಣೂರು ಕಾಲೇಜಿಗೆ ವರ್ಗವಾಯಿತು, ಡಿಜಿಟಲ್ ಗ್ರಂಥಾಲಯದ ಹೊಣೆ ಹೋಯಿತು. ಕೊನೆಯ ದಿನ ಸಂಜೆ ಐದರವರೆಗೆ ನನ್ನ ಲಾಗಿನ್ ನಡೆಯುತ್ತಿತ್ತು. ಮೂರೂವರೆಗೆ ಅವಳ ಹಾಳೆಯನ್ನು ಸ್ಕ್ಯಾನರಿಗೆ ಇಟ್ಟೆ. ಎಡಮೂಲೆಯ ಗುರುತು ತೆಗೆದೆ, ಬಣ್ಣ ಗಾಢ ಮಾಡಿದೆ. ಹಾಳೆಯ ಎರಡೂ ಬದಿ ಬಂದವು, ಹಿಂಬದಿ ನಿಜವಾಗಿಯೇ ಖಾಲಿ, ಅದನ್ನೂ ಉಳಿಸಿದೆ. ನಮೂನೆ ತುಂಬಿದೆ: ಶೀರ್ಷಿಕೆ, ವಿಷಯ, ಓದಿದವರು ಎಂಬಲ್ಲಿ ಮೇಷ್ಟ್ರ ಹೆಸರು, ನಕಲು ಮಾಡಿದವರು ಎಂಬಲ್ಲಿ ಅವಳ ಹೆಸರು. 'ಮೂಲ ಪ್ರತಿ ಇರುವ ಸ್ಥಳ' ಎಂಬ ಕಡೆ ಏನೂ ಬರೆಯದೆ ಮುಂದೆ ಹೋದೆ. ಈ ಜಾಗ ಖಾಲಿ ಬಿಡುವಂತಿಲ್ಲ ಎಂದು ಕೆಂಪಕ್ಷರದಲ್ಲಿ ಬಂತು. ಆ ನಿಯಮ ಹಾಕಿಸಿದವನೂ ನಾನೇ.

'ಇಲ್ಲ. ಗ್ರಂಥಪಾಲಕನ ತಪ್ಪಿನಿಂದ ನಾಶವಾಗಿದೆ' ಎಂದು ಬರೆದು ನನ್ನ ಪೂರ್ತಿ ಹೆಸರು ಹಾಕಿದೆ. ಈಗ ಅಲ್ಲಿ ಕೇತಿಯಕ್ಕ ಎಂದು ಹುಡುಕಿದರೆ ಅದೊಂದೇ ಹಾಳೆ ಸಿಗುತ್ತದೆ.

ಸವಣೂರಿನಲ್ಲಿ ಹಾಜರಾದ ದಿನ, ಕಾಲೇಜಿಗೆ ಹೋಗುವ ಮೊದಲು, ಆ ಎರಡು ರಟ್ಟುಗಳನ್ನು ಚೀಲದಲ್ಲಿ ಹಾಕಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಕೈಗೆ ತೆಗೆದುಕೊಂಡು, ಬಟ್ಟೆಯ ಅಂಚು ಸವರಿ, ಬಿಡಿಸಿ ನೋಡಿದರು.

"ಒಳಗಿಂದು?"

"ಇಲ್ರಿ ಅಕ್ಕಾರ. ಅವತ್ತು ಸುಳ್ಳು ಹೇಳಿದ್ದೆ. ನಾನ ಕಳದೇನಿ." ನಡೆದದ್ದನ್ನೆಲ್ಲ ಹೇಳಿದೆ, ಯಂತ್ರ, ಚೌಕ, ಪೆನ್ಸಿಲ್, ರದ್ದಿ. ಅವರು ರಟ್ಟುಗಳನ್ನು ಒಂದರ ಮೇಲೊಂದು ಇಟ್ಟು ತೊಡೆಯ ಮೇಲೆ ಇಟ್ಟುಕೊಂಡರು.

"ಗ್ರಂಥಪಾಲಕರು ಪೆನ್ನು ಬಿಡಿಸ್ಯಾರ ಅಂತ ನಕ್ಕೋತ ಹೇಳ್ತಿದ್ರು ಮನ್ಯಾಗ," ಎಂದರು. "ಪೆನ್ನಿಲೆ ಬರದಿದ್ರ ಉಳೀತಿತ್ತೇನ್ರಿ?"

"ಉಳೀತಿತ್ರಿ," ಎಂದೆ.